ಅತ್ತೆಯ ವ್ಯಾನಿನ ಕ್ಲಚ್ಚು

ರೇಡಿಯೇಟರಿಗೆ ನೀರು ಹಾಕಲು ಮರೆತದ್ದಷ್ಟೇ ಅಳಿಯಂದಿರ ತಪ್ಪು. ಅತ್ತೆಯ ಬೇಕರಿ ವ್ಯಾನು ನಡುರಸ್ತೆಯಲ್ಲಿ ಹೊಗೆ ಕಾರಿ ಕೂತುಬಿಟ್ಟಿತು. ಅತ್ತೆಯ ಮನೆಯಲ್ಲೇ ನೆಲೆಸಿದ ಅವರನ್ನು ಬೀದಿಗೆ ಬೀದಿಯೇ ‘ಅಳಿಯಂದ್ರು’ ಎನ್ನುತ್ತಿತ್ತು. ಆ ಬಹುವಚನ ಬಿಟ್ಟರೆ ಬೇರೆ ಮರ್ಯಾದೆ ಅವರಿಗಿರಲಿಲ್ಲ.

ನೆಂಟರ ಊರಿಗೆ ಹೊರಟಾಗ ಅತ್ತೆ ಕೀಲಿಕೈ ಕೊಟ್ಟು ಹೇಳಿದ್ದರು: “ಕೊಂಡಾಗಿನಿಂದ ಇದರ ಒಂದು ಬೋಲ್ಟೂ ಬದಲಾಗಿಲ್ಲ. ನಾವು ಬರೋವಾಗ ಹೀಗೇ ಇದ್ರೆ ಅಂಗಡಿ ನೀವೇ ನಡೆಸಿ. ಇಲ್ಲಾಂದ್ರೆ ಬೇಕರಿ ಒಲೆ ಮುಂದೇನೇ ಇರಿ.” ಅತ್ತೆ, ಮಾವ ಇಬ್ಬರೂ ಮರಳುವ ರೈಲು ಇವತ್ತು ಸಂಜೆಗೆ.

ಒಲೆಯ ಕಾವು ನೆನೆದೇ ಅಳಿಯಂದಿರು ಬೆವೆತರು. ಇಂಜಿನ್ ಪೂರ್ತಿ ಸುಟ್ಟುಹೋಗಿತ್ತು; ಕರೆಸಿದ ಮೆಕ್ಯಾನಿಕ್ ಎಲ್ಲಿಂದಲೋ ಬೇರೆ ಜಾತಿಯ ಇಂಜಿನ್ ತಂದಿದ್ದ. ಗೇರ್‌ಬಾಕ್ಸಿಗೆ ಅದು ಕೂಡುತ್ತಿತ್ತು, ಆದರೆ ನಡುವಿನ ಕ್ಲಚ್ಚಿನದೇ ಚಿಂತೆ.

“ಸಂಬಂಧ ಕೂಡಿಸಿದ ಹಾಗೆ ಇದು,” ಎಂದ ಮೆಕ್ಯಾನಿಕ್. “ಕ್ಲಚ್ ಪ್ಲೇಟಿನ ಅಗಲ ಇಂಜಿನ್ ಕಡೆಯವರಿಗೆ ಒಪ್ಪಬೇಕು, ನಡುವಿನ ಹಲ್ಲು ಗೇರ್‌ಬಾಕ್ಸ್ ಕಡೆಯವರಿಗೆ.”

ಎದುರಿನ ಕ್ಷೌರದಂಗಡಿಯವನು ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಬಂದು, “ಇಂಜಿನ್ ಜೊತೆ ಬಂದ ಕ್ಲಚ್ಚನ್ನೇ ಹಾಕಿ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ,” ಎಂದ. ಹಾಕಿ ನೋಡಿದರು. ಗೇರ್‌ಬಾಕ್ಸಿನ ಶಾಫ್ಟು ಪ್ಲೇಟಿನ ಹಲ್ಲಿನೊಳಗೆ ಹೋಗಲೇ ಇಲ್ಲ. ಕೆನ್ನೆಯ ಸೋಪಿನ ನೊರೆಯೊಂದಿಗೆ ಗಿರಾಕಿಯೂ ಬಂದು ತಳ್ಳಿದ. ನೊರೆಯೆಲ್ಲ ಅಳಿಯಂದಿರ ಅಂಗಿಗೆ ಮೆತ್ತಿತು.

ಅಳಿಯಂದಿರು ಬಿದ್ದೆನೋ ಎದ್ದೆನೋ ಎಂದು ಬಿಡಿಭಾಗಗಳ ಅಂಗಡಿಗೆ ಓಡಿ, ವ್ಯಾನಿನ ಹೆಸರು ಹೇಳಿ ಅದರದೇ ಪ್ಲೇಟು ತಂದರು. ಅದೂ ಶಾಫ್ಟಿಗೆ ಕೂಡಲಿಲ್ಲ. ಬಿಸಿಲು ಇಳಿಯತೊಡಗಿತ್ತು.

ಮೆಕ್ಯಾನಿಕ್ ಗೇರ್‌ಬಾಕ್ಸಿನ ಜಿಡ್ಡು ಕೆರೆದು ನೋಡಿ ನಕ್ಕುಬಿಟ್ಟ. “ಇದು ಈ ವ್ಯಾನಿಂದೇ ಅಲ್ಲ. ಯಾವುದೋ ಹಾಲಿನ ಗಾಡೀದು. ಯಾರೋ ಸದ್ದಿಲ್ದೆ ಬದಲಾಯಿಸಿದಾರೆ.”

ಅಳಿಯಂದಿರಿಗಿಂತ ಮುಂಚೆ ಆ ವ್ಯಾನು ಓಡಿಸುತ್ತಿದ್ದವರು ಮಾವ ಒಬ್ಬರೇ. ಮದುವೆಯಾದ ಮೇಲೆ ಮೊದಲ ಸಲ ಅಳಿಯಂದಿರಿಗೆ ಮಾವನ ಮೇಲೆ ಪ್ರೀತಿ ಉಕ್ಕಿತು.

ಇನ್ನು ಹೆಸರು ನಂಬಿ ಪ್ರಯೋಜನವಿಲ್ಲವೆಂದು ಮೆಕ್ಯಾನಿಕ್ ಎರಡೂ ಕಡೆಯ ಅಳತೆ ತೆಗೆದು, ಗುಜರಿಯಲ್ಲಿ ಹುಡುಕಿ, ಮೂರನೆಯ ಯಾವುದೋ ಗಾಡಿಯ ಪ್ಲೇಟು ಹಿಡಿದು ಬಂದ. ಶಾಫ್ಟು ಸಲೀಸಾಗಿ ಒಳಗೆ ಜಾರಿತು. ರೈಲಿನ ಹೊತ್ತಿಗೆ ಸರಿಯಾಗಿ ವ್ಯಾನು ನಿಲ್ದಾಣ ಮುಟ್ಟಿತು.

ಅತ್ತೆ ಸಾಮಾನು ಎಣಿಸುತ್ತಿರುವಾಗ ಅಳಿಯಂದಿರು ಮಾವನನ್ನು ಕಂಬದ ಮರೆಗೆ ಕರೆದು ಎಲ್ಲವನ್ನೂ ಒಪ್ಪಿಕೊಂಡರು. ಗೇರ್‌ಬಾಕ್ಸಿನ ಗುಟ್ಟು ತಮ್ಮಲ್ಲೇ ಇರುತ್ತದೆ ಎಂದೂ ಸೇರಿಸಿದರು. ಮಾವನ ಮುಖ ಒಮ್ಮೆ ಬಿಳಿಚಿಕೊಂಡು ಮತ್ತೆ ಸರಿಹೋಯಿತು.

“ಚಿಂತೆ ಬಿಡಿ. ನಾನು ನೋಡ್ಕೋತೀನಿ.”

ಮಾವನೇ ಸ್ಟೀರಿಂಗ್ ಹಿಡಿದರು. ಮೊದಲ ತಿರುವು ದಾಟುವಷ್ಟರಲ್ಲೇ ಅತ್ತೆಯ ಕಿವಿ ನೆಟ್ಟಗಾಯಿತು. “ಏನ್ರೀ ಇದು, ಸದ್ದು ಬೇರೆ ಥರ ಇದೆ?”

ಅಳಿಯಂದಿರು ನಂಬಿಕೆಯಿಂದ ಮಾವನತ್ತ ನೋಡಿದರು. ಮಾವ ಗಂಟಲು ಸರಿಮಾಡಿಕೊಂಡರು.

“ಅಳಿಯಂದ್ರು ಇಂಜಿನ್ ಸುಟ್ಟು ಬೇರೆ ಹಾಕ್ಸಿದಾರೆ ಕಣೇ. ಗೇರ್‌ಬಾಕ್ಸನ್ನೂ ಬಿಟ್ಟಿಲ್ಲ.”

ಅಳಿಯಂದಿರು ಬಾಯಿ ತೆರೆದರು. ಇಂಜಿನ್ ಸುಟ್ಟವನು ಗೇರ್‌ಬಾಕ್ಸು ಬದಲಿಸಿದ್ದು ನಾನಲ್ಲ ಎಂದರೆ ನಂಬುವವರು ಯಾರು?

“ನಾಳೆಯಿಂದ ಒಲೆ ನೋಡ್ಕೊಳ್ಳಿ,” ಎಂದರು ಅತ್ತೆ. “ಕೀಲಿಕೈ ಇವರ ಹತ್ರಾನೇ ಇರ್ಲಿ. ಇಷ್ಟು ವರ್ಷ ಒಂದು ಬೋಲ್ಟೂ ಅಲುಗದ ಹಾಗೆ ಕಾಪಾಡ್ದೋರು ಇವರೊಬ್ರೇ.”

ಮಾವ ವಿನಯದಿಂದ ತಲೆತಗ್ಗಿಸಿ ಇನ್ನೊಮ್ಮೆ ಪೆಡಲ್ ಒತ್ತಿದರು.

“ಕ್ಲಚ್ಚು ಮಾತ್ರ ಬೆಣ್ಣೆ ಹಾಗಿದೆ, ಅಳಿಯಂದ್ರೇ.”