ಮಂಜೀರಾ ಕಲ್ಯಾಣ ಮತ್ತು ಇತರ ಅಪರೂಪದ ರಾಗಗಳು

ಹೈದರಾಬಾದಿನಲ್ಲಿ ಸಂಗೀತ ಕಲಿಸುವವನಿಗೆ ಸ್ವರಜ್ಞಾನ ತುಸು ಕಡಿಮೆಯಿದ್ದರೂ ನಡೆದೀತು, "ಪೋರ್ಶನ್ ಎಲ್ಲಿಗೆ ಬಂತು?" ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲು ಮಾತ್ರ ಬರಲೇಬೇಕು. ಗಣಿತಕ್ಕೆ ಪೋರ್ಶನ್ ಇದೆ, ವಿಜ್ಞಾನಕ್ಕೆ ಇದೆ, ಕರಾಟೆಗೆ ಬಣ್ಣಬಣ್ಣದ ಬೆಲ್ಟುಗಳಿವೆ. ಹಾಲುಹಲ್ಲು ಬೀಳುವ ಮೊದಲೇ ಮಕ್ಕಳನ್ನು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಊರಿದು. ಇಲ್ಲಿ ದಿನಾ ಸಂಜೆ ಹಾರ್ಮೋನಿಯಂ ಮುಂದೆ ಕುಳಿತು "ಷಡ್ಜದ ಮೇಲೆ ನಿಲ್ಲಿ, ಅವಸರ ಬೇಡ" ಎನ್ನುವ ನಾನು, ಹಸಿರು ದೀಪ ಬಿದ್ದ ಮೇಲೂ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡವನಂತೆ ಕಾಣುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ತಪ್ಪೇನಿದೆ?

ನನ್ನ ಸಂಗೀತ ಶಾಲೆ ಇರುವುದು ಕೊಂಡಾಪುರದಲ್ಲಿ, ಒಂದು ಕರ್ರಿ ಪಾಯಿಂಟಿನ ಮೇಲೆ. ಕೆಳಗೆ ಅವರು ಗೋಂಗೂರ ಪಪ್ಪು, ಬೆಂಡೆಕಾಯಿ ಪಲ್ಯಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕೊಡುತ್ತಾರೆ, ಮೇಲೆ ನಾನು ರಾಗ ಕಟ್ಟಿ ಕೊಡಲು ನೋಡುತ್ತೇನೆ. ಯಾರಿಗೆ ಗಿರಾಕಿ ಹೆಚ್ಚು ಎಂದು ಕೇಳಬೇಡಿ. ಐದು ಗಂಟೆಗೆ ಮಕ್ಕಳ ಬ್ಯಾಚು, ಏಳೂವರೆಗೆ ದೊಡ್ಡವರದು. ದೊಡ್ಡವರೆಂದರೆ ಆಫೀಸಿನಿಂದ ನೇರವಾಗಿ, ಕೊರಳಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡೇ ಬಂದು ಕೂರುವವರು. ಅರ್ಧಕ್ಕರ್ಧ ಜನರಿಗೆ ಸಂಗೀತ ಕಲಿಯಲು ಹೇಳಿದ್ದು ರಕ್ತದೊತ್ತಡದ ಡಾಕ್ಟರು. ಅವರಲ್ಲೊಬ್ಬರು, ಮನೆಯಲ್ಲಿ ಕೇಳಲೆಂದು ನಾನು ಕಳಿಸಿದ ವಿಳಂಬಿತ ಖಯಾಲನ್ನು ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಏರಿಸಿ ಕೇಳಿ ಮುಗಿಸಿದರು. "ಟೈಮ್ ಭಾಳ ಉಳೀತ್ರಿ ಸರ್" ಎಂದು ಕೃತಜ್ಞತೆಯನ್ನೂ ಹೇಳಿದರು. ಆ ಹೊತ್ತು ನನ್ನ ರಕ್ತದೊತ್ತಡವನ್ನು ನೋಡಲು ಮಾತ್ರ ಯಾವ ಡಾಕ್ಟರೂ ಇರಲಿಲ್ಲ.

ನಾನು ಕಲಿತ ರೀತಿಯೇ ಬೇರೆ. ಗದಗಿನ ಕಡೆಯ ನಮ್ಮ ಗುರುಗಳು ಯಮನ್ ರಾಗ ಹಿಡಿಸಿದಾಗ ನನಗಿನ್ನೂ ಮೀಸೆ ಮೂಡಿರಲಿಲ್ಲ, ಬಿಡಿಸುವ ಹೊತ್ತಿಗೆ ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು. ನೋಡಲು ಹೋದ ಮನೆಯಲ್ಲೂ ನಾನು ಹಾಡಿದ್ದು ಯಮನ್ನೇ. ಆ ಹುಡುಗಿ ಅದನ್ನು ಕೇಳಿದ ಮೇಲೂ ಒಪ್ಪಿದಳು. ಈಗ ಅದನ್ನು ನೆನೆಸಿಕೊಂಡಾಗಲೆಲ್ಲ "ಆವಾಗ ನಾನು ಸಣ್ಣಾಕಿ ಇದ್ದೆ, ತಿಳೀಲಿಲ್ಲ" ಎನ್ನುತ್ತಾಳೆ.

ಇಷ್ಟು ಗದ್ದಲದ ನಡುವೆ ನನಗೆ ಒಬ್ಬಳೇ ಒಬ್ಬ ಶಿಷ್ಯೆ ಸಿಕ್ಕಿದ್ದಳು. ಉಳಿದವರು ವಿದ್ಯಾರ್ಥಿಗಳು, ಇವಳು ಶಿಷ್ಯೆ. ಹೆಸರು ನಿಹಾರಿಕಾ, ಐದನೆಯ ತರಗತಿ, ಎರಡು ಜಡೆ, ಜೇಬಿನಲ್ಲಿ ಯಾವಾಗಲೂ ಹುಣಸೆ ಚಾಕೊಲೇಟು. ಒಂದು ದಿನ ಕೆಳಗಿನ ಕರ್ರಿ ಪಾಯಿಂಟಿನ ಕುಕ್ಕರು ಕೂಗಿದಾಗ ಹಾಡುವುದನ್ನು ನಿಲ್ಲಿಸಿ, "ಸರ್, ಅದು ನಿಷಾದಕ್ಕ ಬರಾಕ ಹೊಂಟೈತಿ, ಆದ್ರ ಮುಟ್ಟವಲ್ದು" ಎಂದಳು. ಹಾರ್ಮೋನಿಯಂ ಒತ್ತಿ ನೋಡಿದೆ. ನಿಜ, ಕುಕ್ಕರು ಕೂದಲೆಳೆಯಷ್ಟು ಕೆಳಗಿತ್ತು. ಅವತ್ತು ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಈ ಊರಿನಲ್ಲಿ ಗಂಟಲು ಹರಿದುಕೊಂಡದ್ದಕ್ಕೆ ಒಂದು ಅರ್ಥ ಬಂತೆಂದು ಕಣ್ಣು ತುಂಬಿಕೊಂಡೆ. ಇವಳನ್ನು ಯಮನ್‌ನಲ್ಲಿ ಗಟ್ಟಿಯಾಗಿ ನಿಲ್ಲಿಸಿಬಿಟ್ಟರೆ ಮುಂದೆ ಯಾವ ರಾಗಕ್ಕೂ ಹೆದರಬೇಕಿಲ್ಲ ಎಂದು ಲೆಕ್ಕ ಹಾಕಿದ್ದೆ.

ನನ್ನ ಲೆಕ್ಕಕ್ಕೆ ಅಡ್ಡ ಬಂದವರು ಅವಳ ತಂದೆ ಶರಣಬಸಪ್ಪ. ರಾಯಚೂರು ಕಡೆಯವರು, ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಅಧಿಕಾರಿ. ಬಹಳ ಒಳ್ಳೆಯ ಮನುಷ್ಯ. ಆದರೆ ದಿನವಿಡೀ ಮಾತ್ರೆಗಳನ್ನು ಪರೀಕ್ಷಿಸಿ ಪರೀಕ್ಷಿಸಿ, ಲೋಕದಲ್ಲಿ ಏನೇ ಇದ್ದರೂ ಅದಕ್ಕೊಂದು ಬ್ಯಾಚ್ ನಂಬರು, ಒಂದು ಮುಗಿಯುವ ತಾರೀಖು ಇರಲೇಬೇಕೆಂದು ನಂಬಿದ್ದರು.

"ಗುರುಗಳ, ಯುಗಾದಿಗೆ ಯಮನ್ ಶುರು ಮಾಡಿದ್ರಿ, ಶ್ರಾವಣ ಬಂತು. ಇನ್ನೂ ಕಂಪ್ಲೀಟ್ ಆಗಿಲ್ಲೇನ್ರಿ?"

"ರಾಗ ಕಂಪ್ಲೀಟ್ ಆಗೂದಿಲ್ರಿ ಸಾಹೇಬ್ರ. ನನಗ ಇನ್ನೂ ಆಗಿಲ್ಲ."

ಈ ಎರಡನೆಯ ವಾಕ್ಯವನ್ನು ನಾನು ವಿನಯಕ್ಕೆಂದು ಹೇಳಿದ್ದು. ಅವರು ಅದನ್ನು ತಪಾಸಣೆಯ ವರದಿಯಂತೆ ಸ್ವೀಕರಿಸಿ ಗಂಭೀರರಾದರು. "ಎದುರಿಗೆ ಹೊಸಾ ಇನ್‌ಸ್ಟಿಟ್ಯೂಟ್ ಆಗೇತ್ರಿ. ಮೂರು ತಿಂಗಳದಾಗ ಹನ್ನೆರಡು ರಾಗ ಮುಗಿಸಿ, ಫ್ರೇಮ್ ಹಾಕಿದ ಸರ್ಟಿಫಿಕೇಟ್ ಕೊಡ್ತಾರಂತ. ತಪ್ಪು ತಿಳಕೋಬ್ಯಾಡ್ರಿ, ದಸರಾದ ಮ್ಯಾಲ ಆಕಿನ್ನ ಅಲ್ಲಿ ಹಾಕೋಣು ಅನ್ನಾಕತ್ತೀನಿ" ಎಂದರು.

ಅವತ್ತು ಊಟಕ್ಕೆ ಕುಳಿತಾಗಲೂ ಅದೇ ಚಿಂತೆ. ಹನ್ನೆರಡು ರಾಗ ಕಲಿಸುವ ಕಡೆ ಆ ಹುಡುಗಿಯ ಕಿವಿಯ ಗತಿಯೇನು? ವಿಷಯ ಕೇಳಿದ ನನ್ನ ಹೆಂಡತಿ ಸಾರು ಬಡಿಸುತ್ತ, "ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ಕುಂತೀರೇನು? ಅದ ಯಮನ್‌ಗ ಬ್ಯಾರೆ ಹೆಸರು ಇಡ್ರಿ. ರಾತ್ರಿ ಉಳಿದ ಅನ್ನಕ್ಕ ಒಗ್ಗರಣಿ ಕೊಟ್ಟು ಮುಂಜಾನೆ ಚಿತ್ರಾನ್ನ ಅಂತೀನಿ. ಇಷ್ಟು ವರ್ಷ ತಿಂದೀರಿ, ಒಂದು ದಿನಾನಾದ್ರೂ ಕೇಳೀರೇನು?" ಎಂದಳು.

ಒಂದೇ ಮಾತಿನಲ್ಲಿ ನನ್ನ ಸಮಸ್ಯೆ ಬಗೆಹರಿಯಿತು, ನನ್ನ ಚಿತ್ರಾನ್ನವೂ ಹಾಳಾಯಿತು. ಆ ಗಳಿಗೆಗೆ ಸರಿಯಾಗಿ ವರಾಂಡದಲ್ಲಿ ಯಾರೋ "ಮಂಜೀರಾ ನೀಳ್ಳು ವಚ್ಚಾಯಿ!" ಎಂದು ಕೂಗಿದರು. ನಲ್ಲಿಯಲ್ಲಿ ಮಂಜೀರಾ ನದಿಯ ನೀರು ಬಂದಾಗ ನಮ್ಮ ಕಟ್ಟಡದಲ್ಲಿ ಏಳುವ ಮಂಗಳಧ್ವನಿ ಅದು. ನನ್ನ ಹೆಂಡತಿ ಕೊಡ ಹಿಡಿದು ಓಡಿದಳು, ನಾನು ಕೈ ತೊಳೆದು ಹೊಸ ರಾಗಕ್ಕೆ ‘ಮಂಜೀರಾ ಕಲ್ಯಾಣ’ ಎಂದು ನಾಮಕರಣ ಮಾಡಿದೆ.

ಯಮನ್‌ನಲ್ಲೇ ಕಟ್ಟಿದ ಇನ್ನೊಂದು ಬಂದಿಶನ್ನು ಎತ್ತಿಕೊಂಡು, ಮರುದಿನ ನಿಹಾರಿಕಾಳಿಗೆ ಹೊಸ ರಾಗವೆಂದು ಹೇಳಿದೆ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗದೆ ಹಾರ್ಮೋನಿಯಮ್ಮಿನ ಧೂಳು ಒರೆಸಿದೆ. ಶರಣಬಸಪ್ಪನವರಂತೂ ಕರಗಿಹೋದರು. "ಮಂಜೀರಾ ಕಲ್ಯಾಣ! ಹೆಸರ ಭಾಳ ಛಲೋ ಐತ್ರಿ. ಇಂಥಾದ್ದು ಎದುರಿನವ್ರ ಹತ್ರ ಇರಾಂಗಿಲ್ಲ ಬಿಡ್ರಿ." ಇರಲು ಸಾಧ್ಯವೇ ಇರಲಿಲ್ಲ. ಸ್ವಲ್ಪ ದಿನಕ್ಕೆ ‘ಸಂಧ್ಯಾಮುಖಿ’ ಹುಟ್ಟಿತು. ಆಮೇಲೆ ಹೆಸರೇ ಹೊಳೆಯದೆ, ಕಿಟಕಿಯಿಂದ ಕಾಣುವ ಬಹುಮಹಡಿ ಕಟ್ಟಡದ ಇಂಗ್ಲಿಷ್ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ ‘ರಜತಶಿಖರಿ’ ಎಂದೆ. ಮೂರರಲ್ಲೂ ಅದೇ ತೀವ್ರ ಮಧ್ಯಮ, ಅದೇ ನಿಷಾದ, ಅದೇ ಗಾಂಧಾರ. ಹುಡುಗಿ ದಿನದಿನಕ್ಕೆ ಆ ಸ್ವರಗಳಲ್ಲಿ ಬೇರು ಬಿಡುತ್ತಿದ್ದಳು. ಎದುರಿನ ಇನ್‌ಸ್ಟಿಟ್ಯೂಟಿನ ಮಾತು ನಿಂತಿತು. ಮೋಸದಿಂದ ಇಷ್ಟು ಒಳ್ಳೆಯ ಫಲ ಬರುವುದಾದರೆ ನಾನಿಷ್ಟು ವರ್ಷ ಪ್ರಾಮಾಣಿಕನಾಗಿದ್ದುಕೊಂಡು ಸಾಧಿಸಿದ್ದೇನು ಎಂದು ಒಮ್ಮೊಮ್ಮೆ ಅನ್ನಿಸಿದ್ದೂ ಉಂಟು.

ಆದರೆ ಶರಣಬಸಪ್ಪನವರು ಸಂತೋಷವನ್ನು ಮನೆಯೊಳಗೆ ಇಟ್ಟುಕೊಳ್ಳುವ ಜಾತಿಯವರಲ್ಲ. ಅವರ ಅಪಾರ್ಟ್‌ಮೆಂಟಿನ ಬತುಕಮ್ಮ ಹಬ್ಬದ ದಿನ, ಹೆಂಗಸರು ಹೂವಿನ ಗೋಪುರದ ಸುತ್ತ ಚಪ್ಪಾಳೆ ಹಾಕಿ ಆಡಿ ಮುಗಿಸಿದ ಮೇಲೆ, ಮಗಳ ಗಾಯನ ಇಡಿಸಿಯೇಬಿಟ್ಟರು. ಮೈಕು ಹಿಡಿದು ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸಾರಿದರು: ಇವತ್ತು ನೀವು ಕೇಳುವುದು ಮೂರು ಅಪರೂಪದ ರಾಗಗಳು, ಇವು ಈ ಊರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ನಾನು ಹೆದರಿ ಸಭೆಯತ್ತ ಕಣ್ಣು ಹಾಯಿಸಿದೆ. ಮೊದಲ ಸಾಲಿನಲ್ಲಿ ಖಾದಿ ಜುಬ್ಬದ ಹಿರಿಯರೊಬ್ಬರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಎಣಿಸುತ್ತ ಕುಳಿತಿದ್ದರು. ಬಲ್ಲವರು ಕೂರುವ ರೀತಿಯೇ ಅದು. ಇವರು ಎದ್ದು "ಇದು ಯಮನ್!" ಎಂದರೆ ನಾನೂ ಹೋದೆ, ಶಿಷ್ಯೆಯೂ ಹೋದಳು.

ನಿಹಾರಿಕಾ ಹಾಡಿದಳು. ಏನು ಹಾಡಿದಳೆಂದು ಹೇಳಲಿ! ಗಾಂಧಾರದ ಮೇಲೆ ಅವಳು ನಿಂತಾಗ ಪುಳಿಹೋರವೆಂಬ ಹುಳಿಯನ್ನದ ಪಾತ್ರೆಯ ಬಳಿ ಗದ್ದಲ ಮಾಡುತ್ತಿದ್ದವರೂ ಇತ್ತ ತಿರುಗಿದರು. ನನ್ನ ಭಯ ಮರೆತೇಹೋಗಿ, ಹಾರ್ಮೋನಿಯಂ ಒತ್ತುವುದೂ ಬೇಡವೆನ್ನಿಸಿ ಕೇಳುತ್ತ ಕುಳಿತುಬಿಟ್ಟೆ.

ಮುಗಿದ ಮೇಲೆ ಜುಬ್ಬದ ಹಿರಿಯರು ನೆಟ್ಟಗೆ ನನ್ನ ಕಡೆಗೇ ಬಂದು ಕೈ ಹಿಡಿದರು. "ಮಾಸ್ಟರ್ ಗಾರೂ, ಮೂಡು ರಾಗಾಲು, ಮೂಡು ರಕಾಲು! ರೆಂಡೋದಿ ನಾಕು ಚಾಲಾ ನಚ್ಚಿಂದಿ." ಮೂರು ರಾಗ ಮೂರು ಬಗೆಯಾಗಿದ್ದವಂತೆ, ಎರಡನೆಯದಂತೂ ಅವರಿಗೆ ಬಹಳ ಹಿಡಿಸಿತಂತೆ. ಹಿಂದೆಯೇ ಬಂದ ಶರಣಬಸಪ್ಪನವರು ನನ್ನ ಬೆನ್ನು ತಟ್ಟಿ, "ನೋಡ್ರಿ ಗುರುಗಳ, ಆ ಯಮನ್‌ನಾಗ ಸಿಕ್ಕೊಂಡು ಕುಂತಿದ್ರ ಇದೆಲ್ಲ ಆಗ್ತಿತ್ತೇನು?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ಗೆದ್ದೆ ನಿಜ, ಆದರೆ ಮನಸ್ಸು ಹಗುರವಾಗಲಿಲ್ಲ. ಅಪ್ಪನಿಗೆ ಸುಳ್ಳು ಹೇಳಿದ್ದು ಹೋಗಲಿ, ಆ ಹುಡುಗಿ ನಾಳೆ ಬೇರೆ ಯಾವುದೋ ಊರಿನಲ್ಲಿ ಬಲ್ಲವರ ಮುಂದೆ ‘ರಜತಶಿಖರಿ’ ಎಂದು ಹೇಳಿ ನಗೆಪಾಟಲಾದರೆ? ಪುಳಿಹೋರದ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದ ಅವಳ ಪಕ್ಕದಲ್ಲಿ ಹೋಗಿ ಕುಳಿತೆ.

"ಪುಟ್ಟಿ, ನಿನಗ ಒಂದು ಮಾತು ಹೇಳಬೇಕಾಗೇತಿ. ಆ ಮೂರು ರಾಗ ಅದಾವಲ್ಲ..."

"ಯಮನ್ ಅಲ್ಲೇನ್ರಿ ಸರ್?" ಎಂದಳು, ಕರಿಬೇವು ಆರಿಸಿ ತಟ್ಟೆಯಂಚಿಗೆ ಇಡುತ್ತ.

"ಯಾವಾಗ ಗೊತ್ತಾತವ್ವಾ?"

"ಮೊದಲನೇ ದಿನಾನ ಗೊತ್ತಾತ್ರಿ."

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಒಮ್ಮೆ ಅಪ್ಪನ ಕಡೆ ನೋಡಿ ದನಿ ತಗ್ಗಿಸಿದಳು. "ನಿಮಗ ಅದೊಂದ ಬರ್ತೈತಿ ಅಂತ ಪಪ್ಪಾಗ ಗೊತ್ತಾದ್ರ ನಿಮ್ಮ ಕ್ಲಾಸ್ ಬಿಡಿಸಿಬಿಡ್ತಾರಲ್ರಿ. ಅದಕ್ಕ ಯಾರಿಗೂ ಹೇಳಿಲ್ಲ."

ನನಗೆ ಭೈರವ ಬರುತ್ತದೆ, ತೋಡಿ ಬರುತ್ತದೆ, ದರಬಾರಿ ಬರುತ್ತದೆ ಎಂದು ಕೂಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶರಣಬಸಪ್ಪನವರು ಇತ್ತಲೇ ಬರುವುದು ಕಾಣಿಸಿ ಬಾಯಿ ಮುಚ್ಚಿಕೊಂಡೆ. ನನ್ನ ಮುಖ ನೋಡಿ ಪಾಪವೆನ್ನಿಸಿತೇನೋ, ನಿಹಾರಿಕಾ ತನ್ನ ತಟ್ಟೆಯಿಂದ ಒಂದು ಕಡಲೆಬೀಜ ಆರಿಸಿ ನನ್ನ ಅಂಗೈಯಲ್ಲಿಟ್ಟು ಸಮಾಧಾನ ಹೇಳಿದಳು:

"ಆದ್ರ ಅದೊಂದು ನಿಮಗ ಭಾಳ ಛಲೋ ಬರ್ತೈತ್ರಿ ಸರ್."