ರಾಹುಕಾಲಕ್ಕೆ ಮುಂಚೆ ಒಂದು ಪಂಚರ್

ನೋಡ್ರೀ, ನೇರವಾಗೇ ಹೇಳ್ಬಿಡ್ತೀನಿ. ನಂಜನಗೂಡಿಂದ ನರಸೀಪುರದ ತನಕ ಇರೋ ಮೊಳೆ, ಮುಳ್ಳು, ಗಾಜಿನ ಚೂರು ಎಲ್ಲಾ ಪಾರ್ಟಿ ಕಟ್ಕೊಂಡು ಬಂದ್ರೂ ನಮ್ಮನ್ನ ತಡೆಯೋಕಾಗ್ಲಿಲ್ಲ. ಆ ಬುಧವಾರ ಗೆದ್ದೋರು ನಾವು. ಬೈಕ್ ಮೇಲೆ ಇದ್ದಿದ್ದು ಇಬ್ರು, ನಾನು ಮತ್ತೆ ನಮ್ಮ ದೊಡ್ಡಪ್ಪನ ಮಗ ಅಮೃತೇಶಣ್ಣ. ಸೈಡ್ ಬಾಕ್ಸಲ್ಲಿ ಹೀರೋ, ಟಿಫನ್ ಡಬ್ಬಿಯಷ್ಟಿರೋ ಪಂಚರ್ ಕಿಟ್ಟು.

ಅಣ್ಣ ಅದನ್ನ ಮೈಸೂರಿಂದ ತಂದಿದ್ದ. ಪ್ಯಾಚು, ಸೊಲ್ಯೂಷನ್ನು, ಉಪ್ಪುಕಾಗದ, ಟೈರ್ ಎಬ್ಬಿಸೋ ಪಟ್ಟಿ, ಗೇಣುದ್ದದ ಪಂಪು. ತಂದಾಗಿಂದ ಅವನಿಗೆ ಒಂದೇ ಕೊರಗು, ಗಾಡಿ ಪಂಚರ್ರೇ ಆಗ್ತಿರ್ಲಿಲ್ಲ. ಹೊಸ ಲಾಠಿ ಸಿಕ್ಕಿದ ಪೊಲೀಸು ಗಲಾಟೆಗೆ ಕಾಯೋ ಹಂಗೆ ಕಾಯ್ತಿದ್ದ.

ಅವತ್ತು ಹೆಮ್ಮರಗಾಲದಿಂದ ಹೊರಟಿದ್ದು ಅವನಿಗೆ ಹೆಣ್ಣು ನೋಡೋಕೆ. ನರಸೀಪುರದ ಬೆಲ್ಲದ ವ್ಯಾಪಾರಿ ಪುಟ್ಟಬಸವಯ್ಯನೋರ ಮಗಳು ಮಧುಶ್ರೀ. ಅದುವರ್ಗೂ ನೋಡಿದ್ದು ಯಾವುದೂ ಕೂಡಿಬಂದಿರ್ಲಿಲ್ಲ, ಇದೂ ತಪ್ಪೋದ್ರೆ ಇನ್ನು ಹುಡುಕಲ್ಲ ಅಂತ ದೊಡ್ಡಮ್ಮ ಕೈ ಎತ್ತಿಬಿಟ್ಟಿದ್ರು. ಮೊದ್ಲು ಹುಡ್ಗ ನೋಡ್ಲಿ, ಆಮೇಲೆ ದೊಡ್ಡೋರು ಬರ್ಲಿ ಅಂದಿದ್ರು ಮದುವೆ ದಲ್ಲಾಳಿ ಗಂಗಾಧರಸ್ವಾಮಿ. ಅವರೂ ಬಸ್ಸಲ್ಲಿ ಬಂದು ಅಲ್ಲೇ ಸಿಗೋರು. ಒಂದೇ ಕಂಡೀಷನ್ನು. ಬುಧವಾರ ಹನ್ನೆರಡಕ್ಕೆ ರಾಹುಕಾಲ, ಅಷ್ಟ್ರೊಳಗೆ ಮಾತು ಮುಗೀಬೇಕು. ತಡ ಮಾಡಿದ್ರೆ ಪುಟ್ಟಬಸವಯ್ಯನೋರು ಬಾಗ್ಲಲ್ಲೇ ಮಜ್ಜಿಗೆ ಕೊಟ್ಟು ವಾಪಸ್ ಕಳಿಸ್ತಾರಂತೆ.

ನಂಜನಗೂಡು ದಾಟಿ ಇನ್ನೂ ಸರಿಯಾಗಿ ಸ್ಪೀಡ್ ಹಿಡಿದಿರ್ಲಿಲ್ಲ, ಹಿಂದಿನ ಟೈರು ಪುಸ್ ಅಂತು. ನಾನು ವಾಚ್ ನೋಡ್ಕೊಂಡೆ. ಅಣ್ಣನ ಮುಖದಲ್ಲಿ ಲಾಟ್ರಿ ಹೊಡೆದ ಕಳೆ.

"ಇಳಿಯೋ," ಅಂದ. "ಇನ್ಮೇಲೆ ಸ್ಕ್ರೀನ್ ತುಂಬಾ ನಾನೇ."

ಕಿಟ್ಟಲ್ಲಿ ಎಲ್ಲಾ ಇತ್ತು. ಟ್ಯೂಬು ಮುಳುಗಿಸಿ ಗುಳ್ಳೆ ನೋಡೋಕೆ ಬೋಗುಣಿ ಒಂದಿರ್ಲಿಲ್ಲ. ನನ್ನ ಹೆಲ್ಮೆಟ್ ಕಿತ್ಕೊಂಡು ನಾಲೆ ನೀರು ತುಂಬಿಸಿದ. ಗುಳ್ಳೆ ಬಂತು, ಪ್ಯಾಚ್ ಕೂತ್ಕೊಂತು, ಗಾಳಿ ನಿಂತ್ಕೊಂತು. ಸತ್ಯ ಹೇಳ್ತೀನಿ, ಸಿಳ್ಳೆ ಹೊಡೆಯೋ ಹಂಗಿತ್ತು.

ಅಷ್ಟೊತ್ತಿಗೆ ಹಾಲಿನ ಕ್ಯಾನ್ ನೇತಾಕ್ಕೊಂಡಿದ್ದ ಒಂದು ಮೊಪೆಡ್ಡು ಬಂದು ನಿಂತ್ಕೊಂತು. ಕರಿಯಯ್ಯ ಅಂತ, ಅಲ್ಲೇ ಹದಿನಾರು ಅನ್ನೋ ಊರಿನೋನು. ಅವನದ್ದೂ ಗಾಳಿ ಇಳೀತಾ ಇತ್ತು. ನಾನು ವಾಚ್ ತೋರಿಸ್ದೆ.

"ನರಸೀಪುರದಲ್ಲೂ ಇಂತಾ ಕೈ ಇಲ್ಲ ಕಣಣ್ಣೋ, ನಮ್ದೂ ಒಸಿ ನೋಡು," ಅಂದ ಕರಿಯಯ್ಯ.

ಅಷ್ಟು ಸಾಕಾಯ್ತು. ಅವನದ್ದು ಮುಗಿಸೋ ಹೊತ್ತಿಗೆ ಒಬ್ರು ಮೇಷ್ಟ್ರ ಸ್ಕೂಟರು ಬಂತು, ಅದಾದ್ಮೇಲೆ ಗದ್ದೆಗೆ ನೀರು ಕಟ್ಟೋನ ಸೈಕಲ್ಲು. ಅಣ್ಣ ಒಬ್ರಿಗೂ ಇಲ್ಲ ಅನ್ಲಿಲ್ಲ. ಬೆವರು ಒರೆಸ್ಕೊಂಡೂ ಒರೆಸ್ಕೊಂಡೂ, ಹಣೆ ಮೇಲೆ ವಿಭೂತಿ ಇರ್ಬೇಕಾದ ಕಡೆ ಮೂರು ಬೆರಳಿನ ಗ್ರೀಸು ಬಳ್ಕೊಂಡಿದ್ದ. ಬಿಳೀ ಶರ್ಟು ಹೋಟ್ಲು ಒಲೆ ಒರೆಸೋ ಬಟ್ಟೆ ಆಗಿತ್ತು. ನಾನು ಮರದ ನೆರಳಲ್ಲಿ ನಿಂತ್ಕೊಂಡು ಇಸ್ತ್ರಿ ಕಾಪಾಡ್ಕೊಂಡೆ.

ಅದ್ಕೇ ಹೇಳಿದ್ದು ಗೆದ್ವಿ ಅಂತ. ಇಷ್ಟೆಲ್ಲಾ ಆದ್ರೂ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರೋವಾಗ್ಲೇ ನಮ್ಮ ಗಾಡಿ ಪುಟ್ಟಬಸವಯ್ಯನೋರ ಬಾಗ್ಲಲ್ಲಿತ್ತು. ಅಲ್ಲಿ ಅವರ ಮೊಪೆಡ್ಡು ಪಂಚರ್ ಆಗಿ ಸ್ಟ್ಯಾಂಡ್ ಹಾಕ್ಕೊಂಡು ನಿಂತಿತ್ತು. ಅಣ್ಣನ ಕೈಯಲ್ಲಿ ಕಿಟ್ಟು. "ಅಪ್ಪಾ, ಪಂಚರ್ನೋರು ಬಂದ್ರು," ಅಂತ ಒಳಗಿಂದ ಯಾರೋ ಕೂಗಿದ್ರು.

ಪುಟ್ಟಬಸವಯ್ಯನೋರು ಈಚೆಗೆ ಬಂದು, ಬೆಳಿಗ್ಗೆ ಹೇಳಿ ಕಳಿಸಿದ್ರೆ ಈಗ ಬತ್ತೀಯೇನಯ್ಯ ಅಂತ ಅಣ್ಣನಿಗೆ ಮೊಪೆಡ್ ತೋರಿಸಿದ್ರು. ನನ್ನ ಹೆಗಲ ಮೇಲೆ ಕೈ ಹಾಕಿ, "ನೀವು ಬನ್ನಿ ಅಳಿಯಂದ್ರೇ, ಟೈಮಿಲ್ಲ," ಅಂದ್ರು.

ನಾನು ಅಣ್ಣನ ಮುಖ ನೋಡ್ದೆ. ಅವನು ಬಾಯಿ ಬಿಟ್ಟು ಹೇಳಿದ್ರೆ ಎಲ್ಲಾ ಸರಿಹೋಗೋದು. ಅವನೇನು ಮಾಡ್ದ ಗೊತ್ತಾ, ಕಣ್ಣು ಹೊಡೆದ. "ಮಾವ ನನಗೆ ಟೆಸ್ಟ್ ಇಡ್ತಾವ್ರೆ ಕಣ್ಲಾ," ಅಂತ ಪಿಸುಗುಟ್ಟಿ ಟೈರ್ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟ.

ಒಳಗೆ ಚಾಪೆ ಹಾಸಿದ್ರು. ಹುಡ್ಗಿ ತಾಯಿ ಮಂಗಳಗೌರಮ್ಮ ಉಪ್ಪಿಟ್ಟು ಕೊಟ್ರು. ನಿಜ ಹೇಳೋಣ ಅಂತ ಬಾಯಿ ತೆರೆದ್ರೆ ಇನ್ನೊಂದು ಸೌಟು ಬಡಿಸೋರು. ಮಧುಶ್ರೀ ಕಾಫಿ ತಂದು ಒಂದ್ಸಲ ನಕ್ಕಳು. ನನಗೆ ಹೇಳಬೇಕಾಗಿದ್ದ ಡೈಲಾಗೇ ಮರೆತೋಯ್ತು. ಹುಡ್ಗಿ ಒಪ್ಪಿಗೆನಾ ಅಂದ್ರು ಪುಟ್ಟಬಸವಯ್ಯನೋರು. ತಲೆ ತಾನಾಗೇ ಆಡ್ತು. ಹನ್ನೆರಡು ಹೊಡೆಯೋದ್ರೊಳಗೆ ತಾಂಬೂಲ ನನ್ನ ಕೈಲಿತ್ತು.

ಆಮೇಲೆ ಬಂದ್ರು ಗಂಗಾಧರಸ್ವಾಮಿ. ತಾಂಬೂಲ ನೋಡಿದ್ರು, ನನ್ನ ನೋಡಿದ್ರು, ಅಲ್ಲೇ ಹೊಸ್ತಿಲ ಮೇಲೆ ಕೂತ್ಕೊಂಬಿಟ್ರು.

"ಬುದ್ಧಿ, ಗಂಡು ಇವನಲ್ಲ. ಆಚೆ ಪಂಪ್ ಹೊಡೀತಾವ್ನಲ್ಲ, ಅವನು."

ಅದೇ ಹೊತ್ತಿಗೆ ಅಣ್ಣ ಎದೆ ಉಬ್ಬಿಸ್ಕೊಂಡು ಒಳಗೆ ಬಂದ. "ಟೈರ್ ಕಲ್ಲಾಗದೆ, ಮುಟ್ಟಿ ನೋಡಿ ಮಾವ." ಯಾರೂ ಮುಟ್ಲಿಲ್ಲ.

ಪುಟ್ಟಬಸವಯ್ಯನೋರು ಗೋಡೆ ಗಡಿಯಾರ ನೋಡಿದ್ರು. ಒಳ್ಳೆ ಗಳಿಗೇಲಿ ಕೊಟ್ಟ ತಾಂಬೂಲನ ರಾಹುಕಾಲದಲ್ಲಿ ವಾಪಸ್ ಇಸ್ಕೊಳಕ್ಕಾಗಲ್ಲ ಅಂದ್ರು. ಒಂದೂವರೆಗೆ ರಾಹುಕಾಲ ಮುಗಿಯೋ ತನಕ ಎಲ್ಲಾ ಅಲ್ಲೇ ಕೂತಿದ್ವಿ. ಅಷ್ಟ್ರಲ್ಲಿ ನಂದೂ ಅದೇ ಮನೆತನ, ನನಗೂ ನಂಜನಗೂಡಲ್ಲಿ ಕೆಲಸ ಅಂತೆಲ್ಲಾ ವಿಚಾರಿಸಿ ಆಗಿತ್ತು. ತಾಂಬೂಲ ವಾಪಸ್ ಬರ್ಲಿಲ್ಲ. ಅಣ್ಣ ಒಂದು ವಾರ ನನ್ ಜೊತೆ ಮಾತು ಬಿಟ್ಟ. ಮದುವೆ ದಿನ ಮಾತ್ರ ಕಿಟ್ ಹಿಡ್ಕೊಂಡು ದಿಬ್ಬಣದ ವ್ಯಾನ್ ಹಿಂದೇನೇ ಬಂದ. ಕೈ ಎತ್ತಿದ್ದ ದೊಡ್ಡಮ್ಮ ಅವನಿಗೆ ಈಗ್ಲೂ ಹೆಣ್ಣು ಹುಡುಕ್ತಾವ್ರೆ.

ಸಿಕ್ಕೋರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ, ಒಂದೇ ಲುಕ್ಕಲ್ಲಿ ಹುಡ್ಗಿ ಕ್ಲೀನ್ ಬೌಲ್ಡು ಅಂತ. ನಿಜ ಏನಾಯ್ತು ಅಂತ ನಂಗೂ ಗೊತ್ತಾಗಿದ್ದು ಮದುವೆ ಆದ್ಮೇಲೆ. ಗಂಗಾಧರಸ್ವಾಮಿ ಅಣ್ಣನ ಫೋಟೋ ಮೊದ್ಲೇ ಕೊಟ್ಟಿದ್ರಂತೆ. ಅಪ್ಪ ನೋಡಿರ್ಲಿಲ್ಲ, ಮಗಳು ನೋಡಿದ್ಳು. ಗ್ರೀಸ್ ಬಳ್ಕೊಂಡಿದ್ರೂ ಕಿಟಕಿಯಿಂದ್ಲೇ ಗುರುತು ಹಿಡಿದು, ಪಂಚರ್ನೋರು ಬಂದ್ರು ಅಂತ ಕೂಗಿದ್ದು ಅವಳೇ.

ಅಷ್ಟೊಂದು ಇಷ್ಟ ಆದ್ನಾ ಅಂತ ಕಾಲರ್ ಎತ್ಕೊಂಡು ಕೇಳ್ದೆ. ಬೀನ್ಸ್ ಸೋಸ್ತಾ ಹೇಳುದ್ಲು:

"ಹಂಗೇನಿಲ್ಲ. ಅವರು ಯಾರ ಮಾತೂ ಕೇಳೋರ ಹಂಗೆ ಕಾಣ್ಲಿಲ್ಲ. ನೀವು ಕೂತ್ಕೋ ಅಂದ್ರೆ ಕೂತ್ಕೊಳೋರ ಹಂಗೆ ಕಂಡ್ರಿ."

ನಾನು ಬೀನ್ಸ್ ತಟ್ಟೆ ಹತ್ರ ಎಳ್ಕೊಂಡು ಕೂತ್ಕೊಂಡೆ.