ಅಂಗಡಿಗಳಿಲ್ಲದ ದಾರಿಯಲ್ಲಿ ಮಾಮಾ

ಇಳಕಲ್ಲಿನಲ್ಲಿ ನನ್ನ ಸೋದರಮಾವನಷ್ಟು ಬೆಲೆ ಕೇಳಿದವರೂ ಇಲ್ಲ, ಅವನಷ್ಟು ಕೊಳ್ಳದೇ ಹೋದವರೂ ಇಲ್ಲ! ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೊರಟರೆ ನಾಲ್ಕು ಅಂಗಡಿಗೊಮ್ಮೆ ನಿಲ್ಲುವನು. ಛತ್ರಿ ಬಿಚ್ಚಿಸುವನು, ಬೀಗ ತೆಗೆಸುವನು. ಒಮ್ಮೆಯಂತೂ ಮಕ್ಕಳೇ ಇಲ್ಲದ ಈ ಮನುಷ್ಯ ತೊಟ್ಟಿಲೊಂದಕ್ಕೆ ಅರ್ಧ ತಾಸು ಚೌಕಾಸಿ ಮಾಡಿದ.

"ತೊಟ್ಲಾ ಯಾರಿಗ್ರಿ ಯಜಮಾನ್ರ?"

"ಮೊದ್ಲ ರೇಟ್ ಹೇಳೋ. ಕೂಸು ಆಮ್ಯಾಲೆ ನೋಡೂನು!"

ನಾನು ಸೀರೆ ವ್ಯಾಪಾರದಲ್ಲಿ ಸ್ವಂತ ಕಾಲ ಮೇಲೆ ನಿಂತವನು. ಕೊಳ್ಳುವ ಮನಸ್ಸಿಲ್ಲದವನು ಬೆಲೆ ಕೇಳಬಾರದು. ನಿಮಗೂ ಅದನ್ನೇ ಹೇಳುತ್ತೇನೆ. ಮಾಮನ ಜೊತೆ ಪೇಟೆಗೆ ಹೋಗಲು ನನಗೆ ನಾಚಿಕೆ.

ಎಂಬತ್ತರ ದಶಕದ ಕೊನೆಯಲ್ಲಿ, ಒಂದು ದಿನ ಮಗ್ಗದ ಮೇಲೆಯೇ ಮಾಮಾ ಎದೆ ಹಿಡಿದುಕೊಂಡ. ಬಾಗಲಕೋಟೆಯ ಡಾಕ್ಟರು ಮಲಗಿಸಿ ತೆಗೆದ ಇ.ಸಿ.ಜಿ.ಯಲ್ಲಿ ಏನೂ ಇಲ್ಲ. "ನೋಡ್ದ್ಯಾ ಲೇ? ಎದಿ ಮಗ್ಗದಂಗ ನಡದೈತಿ!" ಎಂದ ಮಾಮಾ. ಡಾಕ್ಟರು ಮಾತ್ರ ದೊಡ್ಡ ಶಹರದ ದವಾಖಾನೆಗೆ ಚೀಟಿ ಬರೆದರು. ಬರುವುದಿಲ್ಲವೆಂದು ಅವನ ಹಟ, ಒಯ್ಯುತ್ತೇನೆಂದು ನನ್ನದು. ಅವನ ಅಳಿಯನೇ ಅಲ್ಲವೇ ನಾನು!

"ಮಾಮಾ, ಮಡಿಚಿಟ್ಟ ಸೀರಿ ನೋಡಿ ತಗೋಬ್ಯಾಡ, ಸೆರಗಿನ ಜೋಡಣಿ ಜಗ್ಗಿ ನೋಡು ಅಂತ ಕಲಿಸಿದವ ಯಾರು? ಎದೀನೂ ಜಗ್ಗಿ ನೋಡ್ತಾರಂತ!"

ನೇಕಾರ ಎದ್ದು ಅಂಗಿ ತೊಟ್ಟ.

ಶಹರದ ದವಾಖಾನೆಯಲ್ಲಿ ಮೊದಲು ಎಡಮಗ್ಗುಲಿಗೆ ಮಲಗಿಸಿ, ಬಡಿಯುವ ಹೃದಯವನ್ನು ಪರದೆಯ ಮೇಲೆ ನೋಡಿದರು. ಆಮೇಲೆ ತಾನೇ ಓಡುವ ಪಟ್ಟಿಯ ಮೇಲೆ ಹತ್ತಿಸಿದರು.

"ನಡೀರಿ. ಸಾಕನಿಸಿದ್ರ ಹೇಳ್ರಿ."

ಮಾಮಾ 'ಸಾಕು' ಎನ್ನುವುದೆ? ಪಟ್ಟಿಯ ವೇಗ ಏರಿತು, ಏರು ಹೆಚ್ಚಿತು. ಮಾಮನ ಹಣೆ ಬೆವರಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆ ಬೋಳು ಗೋಡೆ, ಎದುರಿಗೆ ಒಂದು ಗಡಿಯಾರ ಮಾತ್ರ!

"ಡಾಕ್ಟರ್ರ... ಈ ಗಡಿಯಾರ... ಎಷ್ಟಕ್ಕ ಬಿತ್ರಿ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಛತ್ರಿ, ಬೀಗ, ತೊಟ್ಟಿಲು ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು.

"ನಿಂದರಸ್ರಿ! ಅವಗ ಎದಿ ನೋಯಾಕತ್ತೈತಿ!"

ಪಟ್ಟಿ ನಿಲ್ಲಿಸಿ, ತಡಮಾಡದೆ ಮಲಗಿಸಿ ಮತ್ತೆ ನೋಡಿದರು. ಮೊದಲು ಎಲ್ಲ ಕಡೆ ಒಂದೇ ಸಮ ಹಿಂಡಿಕೊಳ್ಳುತ್ತಿದ್ದ ಹೃದಯದ ಒಂದು ಗೋಡೆ ಈಗ ಸೋತು ನಿಂತಿತ್ತು. ದುಡಿಯುವಾಗ ಅಲ್ಲಿಗೆ ರಕ್ತ ಸಾಲುತ್ತಿಲ್ಲ ಎಂದರು.

"ಎಷ್ಟ ದಿನದಿಂದ ನೋವ್ರಿ?"

"ಎರಡ ವರ್ಷ ಆತ್ರಿ. ಹೇಳಿದ್ರ ಮಗ್ಗ ಬಿಡಸ್ತೀರಿ."

"ಈಗ ಬಿಡ್ರಿ. ಗುಳಿಗಿ ತಗೊಂಡು, ನೋವು ಬಂದಲ್ಲಿ ನಿಂತು, ಸಾವಕಾಶ ನಡೀರಿ. ಮಗ್ಗದ ಮಾತು ಮತ್ತ ಪರೀಕ್ಷಾ ಮಾಡಿ ಹೇಳ್ತೇನಿ."

"ಬರ್ತೇನ್ರಿ," ಎಂದ ಮಾಮಾ. "ಇದ ಪಟ್ಟಿ ಮ್ಯಾಲ ನಡದ ತೋರಸ್ತೇನಿ!"

ಇಳಕಲ್ಲಿನಲ್ಲಿ ಬಸ್ಸಿಳಿದು ಮನೆಯ ಕಡೆ ಹೊರಟೆವು. ನಾಲ್ಕನೆಯ ಅಂಗಡಿಗೆ ಮಾಮನ ಹೆಜ್ಜೆ ಸಣ್ಣದಾಯಿತು. ಆದರೆ ನಿಲ್ಲಲಿಲ್ಲ. ಗುಟ್ಟು ಒಡೆದಿತ್ತಲ್ಲ, ನಿಲ್ಲಲು ಅವನಿಗೆ ನಾಚಿಕೆ.

ನಾನು ನಿಂತೆ.

"ಏನಪಾ, ಈ ತೊಟ್ಲಾ ಎಷ್ಟಕ್ಕ ಕೊಡ್ತಿ?"

"ಸಾವಕಾರ್ರ, ನಿಮಗೂ ಚಟಾ ಹತ್ತಿತೇನ್ರಿ!"

ಮಾಮಾ ತೊಟ್ಟಿಲ ಅಂಚು ಹಿಡಿದು ನಿಂತ. ಅವನ ಉಸಿರು ಸಮಕ್ಕೆ ಬರುವವರೆಗೂ ನಾನು ಚೌಕಾಸಿ ಬಿಡಲಿಲ್ಲ.